ಏೞು ಬರೆಯೋಕೆ ಏಳು ಸಾಕಾ?

ಕಾಸರಗೋಡು, ವಯನಾಡಿನ ಗೆಳೆಯರು 'ಮಳೆ'ಗೆ ಮಲಯಾಳಂನಲ್ಲಿ ಏನಂತಾರೆ ಅಂತ ಒಮ್ಮೆ ಬಾಯಿಬಿಟ್ಟು ಹೇಳಿ ನೋಡಿ. ತಾಳವಾಡಿ, ಹೊಸೂರಿನವರು ತಮಿಳಿನಲ್ಲಿ ಹೇಳಿ. ನಾಲಿಗೆ ಹಿಂದಕ್ಕೆ ಮಡಚಿ, ಅಂಗುಳಕ್ಕೆ ತಾಗದೆ ಒಂದು ಸದ್ದು ಬರುತ್ತಲ್ಲ, ಅದು ಳ ಅಲ್ಲ, ರ ಕೂಡ ಅಲ್ಲ. ಆ ಸದ್ದಿಗೆ ಹಳಗನ್ನಡದಲ್ಲಿ ಒಂದು ಅಕ್ಷರ ಇತ್ತು: ೞ. ಹೆಸರು ರಳ. ಮಳೆ ಆಗ ಮೞೆ, ಏಳು ಏೞು, ಬಾಳು ಬಾೞ್. ಆದೋನಿ, ರಾಯದುರ್ಗ, ಮಡಕಶಿರಾ ಕಡೆಯವರು ತೆಲುಗು ವರ್ಣಮಾಲೆಯಲ್ಲಿ 'ಬಂಡಿ ರ' ಕಲಿತಿರ್ತೀರಿ. ಅದರ ಕನ್ನಡದ ಅಣ್ಣನೇ ಱ. ಇದಕ್ಕೆ ನಮ್ಮ ವ್ಯಾಕರಣದವರು ಇಟ್ಟ ಹೆಸರು ಶಕಟರೇಫ. ಶಕಟ ಅಂದ್ರೂ ಬಂಡಿನೇ. ಆಱು, ನೂಱು, ತೊಱೆ, ಇವೆಲ್ಲ ಆ ಅಕ್ಷರದ ಮಾತುಗಳು. ಜತ್ತ, ಅಕ್ಕಲಕೋಟೆಯವರು ಮರಾಠಿ ಪಾಠದಲ್ಲಿ ರೆಪ್ಪೆಯಂಥ ಗೆರೆ ಎಳೆದು ಅರ್ಧ ರ ಬರೆದಿರ್ತೀರಿ. ಕಂಪ್ಯೂಟರಿನ ಲೆಕ್ಕದಲ್ಲಿ ಅದರ ಹಿಂದೆ ಕೂತಿರೋದೂ ಈ ಱ ಕುಟುಂಬದ ಅಕ್ಷರವೇ.

ಅಂದ್ರೆ ಬೆಂಗಳೂರು, ಮೈಸೂರಿನ ಹುಡುಗರಿಗೆ ಪುಸ್ತಕದಲ್ಲಿ ಮಾತ್ರ ಸಿಗುವ ಈ ಎರಡು ಅಕ್ಷರಗಳು ಗಡಿಯ ನಮಗೆ ದಿನಾ ಕಿವಿಗೆ ಬೀಳ್ತವೆ, ಬೋರ್ಡಿನ ಮೇಲೆ ಕಾಣ್ತವೆ. ಹೀಗಿದ್ದೂ ಊರಿನ ವೀರಗಲ್ಲಿನ ಸಾಲು ಟೈಪ್ ಮಾಡೋಕೆ ಕೂತಾಗ ನಮ್ಮವರೂ ೞ ಇದ್ದ ಕಡೆ ಳ ಒತ್ತಿ, ಱ ಇದ್ದ ಕಡೆ ರ ಒತ್ತಿ ಮುಗಿಸ್ತಾರೆ. ಕೆಲವರು ಳ ಕೆಳಗೆ ಗೆರೆ ಎಳೀತಾರೆ, ಇನ್ನು ಕೆಲವರು ಅಕ್ಷರದ ಚಿತ್ರ ಕತ್ತರಿಸಿ ಅಂಟಿಸ್ತಾರೆ. ಕಾರಣ ಕೇಳಿದ್ರೆ ಒಂದೇ ಉತ್ತರ, "ಕೀಬೋರ್ಡಲ್ಲಿ ಇಲ್ಲ ಸಾರ್".

ಇದು ಬರೀ ಅಂದಚಂದದ ಮಾತಲ್ಲ. ಅೞಿ ಅಂದ್ರೆ ನಾಶವಾಗು, ಅಳಿ ಅಂದ್ರೆ ದುಂಬಿ. ಅಱಿ ಅಂದ್ರೆ ತಿಳಿ, ಅರಿ ಅಂದ್ರೆ ಶತ್ರು. ಅಕ್ಷರ ಬದಲಾದರೆ ಕಲ್ಲು ಹೇಳಿದ ಮಾತೇ ಬದಲು. ಊರ ಹೆಸರಿನ ಮೂಲ ಹುಡುಕೋರಿಗಂತೂ ಇದು ದೊಡ್ಡ ಪೆಟ್ಟು. ಪಟ್ಟಣ ಅನ್ನೋ ಅರ್ಥದ ಪೊೞಲ್, ಹೊಳೆಯುವ ಪೊಳೆ, ಎರಡನ್ನೂ ಒಂದೇ ಳ ಹಾಕಿ ಟೈಪ್ ಮಾಡಿಟ್ಟರೆ ನಾಳೆ ಕಂಪ್ಯೂಟರಲ್ಲಿ ಹುಡುಕಿದವನಿಗೆ ಎರಡೂ ಒಂದೇ ಬುಟ್ಟಿಗೆ ಬೀಳ್ತವೆ. ಆಮೇಲೆ ಬೇರ್ಪಡಿಸೋರು ಯಾರು? ಮತ್ತೆ ಕಲ್ಲಿನ ಹತ್ರಾನೇ ಹೋಗ್ಬೇಕು. ಅಷ್ಟೊತ್ತಿಗೆ ಆ ಕಲ್ಲು ಇರುತ್ತೋ, ಯಾರದೋ ಮನೆ ಪಾಯಕ್ಕೆ ಸೇರಿರುತ್ತೋ.

ಈ ಗೊಂದಲ ಹೊಸದೇನಲ್ಲ. 13ನೇ ಶತಮಾನದಲ್ಲಿ ಕೇಶಿರಾಜ ಶಬ್ದಮಣಿದರ್ಪಣ ಬರೆಯೋ ಹೊತ್ತಿಗೇ ಜನರ ಬಾಯಲ್ಲಿ ೞ ಕರಗಿ ಹೋಗಿತ್ತು. ಅದಕ್ಕೇ ಆತ ರಳ, ಕುಳ, ಕ್ಷಳ ಅಂತ ವಿಂಗಡಿಸಿ, ಯಾವ ಮಾತಿಗೆ ರಳ ಬರುತ್ತೆ ಅಂತ ಪಟ್ಟಿಯನ್ನೇ ಕೊಟ್ಟ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟೆಲ್ ನಿಘಂಟು ಕೂಡ ೞ, ಱ ಬಿಡದೆ ಉಳಿಸಿಕೊಂಡಿದೆ. ಸೀಸದ ಅಚ್ಚುಮೊಳೆ ಜೋಡಿಸುವ ಕಾಲದಲ್ಲಿ ಸಾಧ್ಯವಾಗಿದ್ದು ನಮ್ಮ ಕಾಲದಲ್ಲಿ ಆಗಲ್ಲ ಅಂದ್ರೆ ಅದು ನೆಪ ಅಷ್ಟೆ.

ನಿಜ ಏನಂದ್ರೆ ಎರಡೂ ಅಕ್ಷರ ಕಂಪ್ಯೂಟರಿನಲ್ಲಿ ಮೊದಲಿನಿಂದ ಇವೆ. ಯೂನಿಕೋಡ್ ಕನ್ನಡಕ್ಕೆ ಕೊಟ್ಟಿರೋದು 128 ಮನೆ. ಅದರಲ್ಲಿ ಱ ಇರೋದು 3249ನೇ ನಂಬರಿನಲ್ಲಿ, ೞ ಇರೋದು 3294ರಲ್ಲಿ. ಆದ್ರೆ ೞ ಅಕ್ಷರಕ್ಕೆ ಅಲ್ಲಿ ಕೊಟ್ಟಿರೋ ಇಂಗ್ಲಿಷ್ ಹೆಸರು ನೋಡಿದ್ರೆ ನಗು ಬರುತ್ತೆ: 'ಕನ್ನಡ ಲೆಟರ್ ಫಾ'. ಅಕ್ಷರದ ಗುರುತು ಸಿಗದೆ ಯಾರೋ ಇಟ್ಟ ತಪ್ಪು ಹೆಸರು ಅದು. ಒಮ್ಮೆ ಇಟ್ಟ ಹೆಸರು ಬದಲಿಸಬಾರದು ಅನ್ನೋದು ಯೂನಿಕೋಡ್ ನಿಯಮ. ಹಾಗಾಗಿ ತಪ್ಪು ಹೆಸರು ಹಾಗೇ ಉಳಿದು, ಸರಿಯಾದದ್ದು ಪಕ್ಕದಲ್ಲಿ ಅಡ್ಡಹೆಸರಾಗಿ ಕೂತಿದೆ. ಅಕ್ಷರಪಟ್ಟಿಯಲ್ಲಿ ಹುಡುಕಿ ಸಿಗಲಿಲ್ಲ ಅಂತ ಕೈಬಿಟ್ಟವರು 'ಫಾ' ಅಂತ ಹುಡುಕಿ ನೋಡಿ. ಇನ್ನೊಂದು ಅಕ್ಷರ ೝ, ನಕಾರ ಪೊಲ್ಲು, ಅಂದ್ರೆ ಸ್ವರ ಇಲ್ಲದ ನ್ ಬರೆಯುವ ಹಳೇ ರೂಪ. ಅದು ಬಂದಿದ್ದು ತಡವಾಗಿ, 2021ರಲ್ಲಿ. ನಂಬರು 3293. ಹಳೇ ಫಾಂಟುಗಳಲ್ಲಿ ಅದು ಖಾಲಿ ಡಬ್ಬಿಯಾಗಿ ಕಾಣಬಹುದು.

ಕೊರತೆ ಇರೋದು ಅಕ್ಷರದ್ದಲ್ಲ, ಕೀಲಿಯದ್ದು. ಇನ್‌ಸ್ಕ್ರಿಪ್ಟ್ ವಿನ್ಯಾಸದಲ್ಲಿ ಟೈಪ್ ಮಾಡೋರಿಗೆ ಅರ್ಧ ದಾರಿ ಆಗ್ಲೇ ಸವೆದಿದೆ. ಆ ವಿನ್ಯಾಸದ ಗುಟ್ಟೇ ಭಾರತದ ಎಲ್ಲ ಲಿಪಿಗಳಿಗೂ ಒಂದೇ ಸದ್ದಿಗೆ ಒಂದೇ ಕೀಲಿ ಅನ್ನೋದು. ಜೆ ಒತ್ತಿದರೆ ರ, ಶಿಫ್ಟ್ ಹಿಡಿದು ಜೆ ಒತ್ತಿದರೆ ಱ. ತಮಿಳು, ಮಲಯಾಳಂ, ತೆಲುಗು, ಮರಾಠಿಗೂ ಅದೇ ಜಾಗ. ಎರಡು ಭಾಷೆಯಲ್ಲಿ ಟೈಪ್ ಮಾಡೋ ಗಡಿಯ ಹುಡುಗರಿಗೆ ಇದಕ್ಕಿಂತ ಅನುಕೂಲ ಬೇರೆ ಇಲ್ಲ. ಆದರೂ ನಮ್ಮಲ್ಲಿ ಬಹುಪಾಲು ಜನ ಕಲಿತಿರೋದು ಕೆ.ಪಿ. ರಾವ್ ರೂಪಿಸಿದ, ನುಡಿಯಲ್ಲಿ ಬರುವ ವಿನ್ಯಾಸ. ಅದನ್ನು ಬಿಡಿ ಅಂತ ನಾವು ಹೇಳ್ತಿಲ್ಲ, ಕೈಗೆ ಕೂತ ಕೀಲಿಗಳು ಅಲ್ಲೇ ಇರ್ಲಿ. ಅದರ ಮೇಲೆ ಮೂರು ಅಕ್ಷರ ಸೇರಿಸಿಕೊಂಡ್ರೆ ಸಾಕು.

ಹೇಗೆ? ವಿಂಡೋಸ್ ಬಳಸೋರಿಗೆ ಮೈಕ್ರೋಸಾಫ್ಟ್‌ನದ್ದೇ 'ಕೀಬೋರ್ಡ್ ಲೇಔಟ್ ಕ್ರಿಯೇಟರ್' ಅನ್ನೋ ಉಚಿತ ತಂತ್ರಾಂಶ ಇದೆ. ತೆರೆದರೆ ತೆರೆಯ ಮೇಲೆ ಕೀಲಿಮಣೆಯ ಚಿತ್ರ ಬರುತ್ತೆ. ಈಗಾಗಲೇ ಕಂಪ್ಯೂಟರಿನಲ್ಲಿ ಇರೋ ಒಂದು ಕನ್ನಡ ವಿನ್ಯಾಸ ಲೋಡ್ ಮಾಡಿಕೊಳ್ಳಿ. ಬಲಗಡೆ ಆಲ್ಟ್ ಪದರ ಸಾಮಾನ್ಯವಾಗಿ ಖಾಲಿ ಜಾಗ. ಅಲ್ಲಿ ಎಲ್ ಕೀಲಿಗೆ ೞ, ಆರ್ ಕೀಲಿಗೆ ಱ, ಎನ್ ಕೀಲಿಗೆ ೝ ಕೂರಿಸಿ. ನೆನಪಿಡೋಕೂ ಸುಲಭ. ಹೊಸ ಹೆಸರಲ್ಲಿ ಉಳಿಸಿ, ಬಿಲ್ಡ್ ಮಾಡಿ, ಬಂದ ಫೈಲು ಇನ್‌ಸ್ಟಾಲ್ ಮಾಡಿದ್ರೆ ಆಯ್ತು. ಹಳೇ ವಿನ್ಯಾಸಕ್ಕೆ ಏನೂ ಆಗಲ್ಲ, ಪಕ್ಕದಲ್ಲಿ ಇನ್ನೊಂದು ಸೇರಿಕೊಳ್ಳುತ್ತೆ.

ಫೋನಲ್ಲೂ ಬೇಕು ಅನ್ನೋರು ಕೀಮ್ಯಾನ್ ನೋಡಿ. ಅದೂ ಉಚಿತ, ಮುಕ್ತ ತಂತ್ರಾಂಶ. ಒಂದು ಸಾದಾ ಪಠ್ಯದ ಫೈಲಿನಲ್ಲಿ ಸಾಲಿಗೊಂದರಂತೆ ನಿಯಮ ಬರೆಯಬೇಕು, ಈ ಕೀಲಿ ಒತ್ತಿದರೆ ಈ ಅಕ್ಷರ ಅಂತ. ಇದರ ನಿಜವಾದ ಬಲ ಇನ್ನೊಂದು ಕಡೆ ಇದೆ. ಹಿಂದೆ ಯಾವ ಅಕ್ಷರ ಬಂದಿದೆ ಅಂತ ನೋಡಿ ಮುಂದಿನದನ್ನು ಬದಲಿಸುವಂತೆ ಹೇಳಬಹುದು. ಳ ಆದ ಮೇಲೆ ಒಂದು ಚಿಹ್ನೆ ಒತ್ತಿದರೆ ಳ ಹೋಗಿ ೞ ಬರಲಿ, ರ ಆದ ಮೇಲೆ ಅದೇ ಚಿಹ್ನೆಗೆ ಱ ಬರಲಿ. ಎರಡೇ ಎರಡು ಸಾಲು. ಒಬ್ಬರು ಮಾಡಿ ಕೊಟ್ಟರೆ ತಾಲೂಕಿನವರೆಲ್ಲ ಕಂಪ್ಯೂಟರಿಗೂ ಆಂಡ್ರಾಯ್ಡ್ ಫೋನಿಗೂ ಹಾಕಿಕೊಳ್ಳಬಹುದು. ಅದಕ್ಕೂ ಮುಂಚೆ ನಿಮ್ಮ ಫೋನಿನ ಈಗಿನ ಕೀಬೋರ್ಡಿನಲ್ಲಿ ಳ, ರ ಮೇಲೆ ಬೆರಳು ಒತ್ತಿ ಹಿಡಿದು ನೋಡಿ. ಒಳಗೆ ಅಡಗಿದ್ದರೆ ಅಷ್ಟು ಕೆಲಸ ಉಳೀತು.

ಒಂದು ಎಚ್ಚರಿಕೆ. ಹಳೇ ನುಡಿ ಫಾಂಟಿನಲ್ಲಿ, ಅಂದ್ರೆ ಯೂನಿಕೋಡ್ ಅಲ್ಲದ ರೀತಿಯಲ್ಲಿ ಶಾಸನ ಟೈಪ್ ಮಾಡಿಡಬೇಡಿ. ಆ ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರದ ಕಸದ ರಾಶಿ ಕಾಣುತ್ತೆ. ಊರಿನ ಸ್ಮರಣ ಸಂಚಿಕೆಗೆ ಅಂತ ಹಾಗೆ ಟೈಪ್ ಮಾಡಿಟ್ಟ ಫೈಲುಗಳು ಎಷ್ಟೋ ಡಿಟಿಪಿ ಅಂಗಡಿಗಳಲ್ಲಿ ಸತ್ತು ಬಿದ್ದಿವೆ.

ಕಾಸರಗೋಡಿನವರಿಗೆ ಇನ್ನೂ ದೊಡ್ಡ ಕೆಲಸ ಕಾದಿದೆ. ತುಳು-ತಿಗಳಾರಿ ಲಿಪಿ 2024ರ ಸೆಪ್ಟೆಂಬರಿನಲ್ಲಿ ಯೂನಿಕೋಡ್ ಸೇರಿತು. ಡಾ. ವೆಂಕಟರಾಜ ಪುಣಿಂಚತ್ತಾಯರು ಶ್ರೀ ಭಾಗವತೊ ಅಂಥ ಹಳೇ ತುಳು ಕಾವ್ಯಗಳನ್ನು ಓಲೆಗರಿಯಿಂದ ಹೊರತೆಗೆದದ್ದು ಈ ಲಿಪಿಯನ್ನು ಕಣ್ಣಲ್ಲೇ ಓದಿ, ಕೈಯಲ್ಲೇ ಬರೆದುಕೊಂಡು. ಈಗ ಅದಕ್ಕೆ ಕೀಬೋರ್ಡು ಕಟ್ಟೋ ದಾರಿ ತೆರೆದಿದೆ. ಫಾಂಟು, ಕೂಡಕ್ಷರ ಎಲ್ಲ ಇನ್ನೂ ಹದಕ್ಕೆ ಬರಬೇಕು, ತಾಳ್ಮೆ ಬೇಕು. ಆದರೆ ಆ ಲಿಪಿಯ ಓಲೆಗಳು ಇರೋ ನೆಲದಲ್ಲೇ ಅದನ್ನು ಪರೀಕ್ಷೆ ಮಾಡುವ ಹುಡುಗರು ಇರಬೇಕಲ್ವಾ?

ಪಂಪ ತನ್ನ ಭಾರತ ಬರೆದದ್ದು ವೇಮುಲವಾಡದ ಅರಿಕೇಸರಿಯ ಆಸ್ಥಾನದಲ್ಲಿ. ಅದು ಇವತ್ತು ತೆಲಂಗಾಣ. ಸೊಲ್ಲಾಪುರ ಜಿಲ್ಲೆಯ ಶಾಸನಗಳಿಗೇ ಶ್ರೀನಿವಾಸ ರಿತ್ತಿ, ಆನಂದ ಕುಂಭಾರ ಸೇರಿ ಸಂಪಾದಿಸಿದ ಒಂದು ಪ್ರತ್ಯೇಕ ಪುಸ್ತಕವೇ ಇದೆ. ೞ, ಱ ಇರೋ ಕನ್ನಡ ಗಡಿಯಾಚೆಯೂ ಇಷ್ಟು ಹರಡಿದೆ. ಇನ್ನೊಂದು ತಮಾಷೆ: ಪಕ್ಕದ ಜಿಲ್ಲೆಯ ಹೆಸರನ್ನು ಇಂಗ್ಲಿಷಿನ 'ಜೆಡ್ ಎಚ್' ನೋಡಿ ನಾವು ಕೋಝಿಕ್ಕೋಡ್ ಅಂತ ಬರೀತೀವಿ. ಕೋೞಿಕ್ಕೋಡ್ ಅಂತ ಬರೆಯೋ ಅಕ್ಷರ ಮನೆಯಲ್ಲೇ ಇತ್ತು.

ಈ ವಾರ ಒಂದು ಕೆಲಸ ಮಾಡಿ. ಮೇಲಿನ ಮೂರು ಅಕ್ಷರ ಕೂರಿಸಿ. ನಿಮ್ಮೂರ ಒಂದು ಕಲ್ಲನ್ನು ಓರೆ ಬಿಸಿಲಲ್ಲಿ, ಬೆಳಗ್ಗೆ ಇಲ್ಲಾ ಸಂಜೆ, ಫೋಟೋ ತೆಗೀರಿ. ಆಗ ಅಕ್ಷರದ ನೆರಳು ಬಿದ್ದು ಓದೋಕೆ ಬರುತ್ತೆ. ಸುಣ್ಣ, ಪೌಡರ್ ಬಳೀಬೇಡಿ. ಓದೋಕೆ ಬಾರದ ಕಡೆ ಊಹಿಸಿ ತುಂಬಬೇಡಿ, ಚುಕ್ಕಿ ಇಡಿ. ಸಾಲು ಹೇಗಿದೆಯೋ ಹಾಗೇ ಮುರಿದು ಟೈಪ್ ಮಾಡಿ. ಆಮೇಲೆ ಇನ್ನೊಬ್ಬರ ಫೋನಿಗೆ ಕಳಿಸಿ, ೞ ಮತ್ತು ಱ ಸರಿಯಾಗಿ ಕಾಣ್ತವಾ, ಅವುಗಳ ಒತ್ತಕ್ಷರ ಕೆಳಗೆ ಇಳಿದಿದೆಯಾ ಕೇಳಿ. ಇಳಿಯದಿದ್ದರೆ ಫಾಂಟು ಬದಲಿಸಿ ನೋಡಿ, ಅಕ್ಷರ ಬದಲಿಸಬೇಡಿ.