ಎಣ್ಣೆ ನೋಡಿ ಚೆಂಡು ಬದಲಿಸಬೇಕೆ?

ಟೆನ್‌ಪಿನ್ ಬೌಲಿಂಗ್ ನಮ್ಮಲ್ಲಿ ಹೆಚ್ಚಿನವರಿಗೆ ಮಾಲ್‌ನ ಮನರಂಜನೆ. ಆದರೆ ಸ್ವಂತ ಚೆಂಡು ಕೊಂಡು, ಸ್ಪರ್ಧೆಗಿಳಿಯುವ ಹವ್ಯಾಸಿಗಳೂ ಇದ್ದಾರೆ. ಅವರನ್ನು ಕಾಡುವ ಪ್ರಶ್ನೆ: ಲೇನ್‌ಗೆ ಬಳಿದ ಎಣ್ಣೆಗೆ ತಕ್ಕಂತೆ ಬೇರೆ ಬೇರೆ ಚೆಂಡು ಬೇಕೆ, ಒಂದೇ ಸಾಕೆ? ಹೈದರಾಬಾದಿನ ಮಲ್ಕಾಜ್‌ಗಿರಿಯಲ್ಲಿ ನೆಲೆಸಿರುವ ಇಬ್ಬರು ಕನ್ನಡಿಗ ಆಟಗಾರರ ವಾದಗಳು ಇಲ್ಲಿವೆ.

ಪರ: ಎಣ್ಣೆ ಓದದವನು ಆಟ ಓದಲಾರ

ಬದಲಿಸಲೇಬೇಕು. ಪಿಚ್ ನೋಡದೆ ಹನ್ನೊಂದು ಮಂದಿಯನ್ನು ಆರಿಸುವ ಕ್ರಿಕೆಟ್ ನಾಯಕನನ್ನು ನಾವು ಕ್ಷಮಿಸುವುದಿಲ್ಲ. ಬೌಲಿಂಗ್‌ಗೂ ಪಿಚ್ ಇದೆ, ಅದು ಕಣ್ಣಿಗೆ ಕಾಣುವುದಿಲ್ಲ ಅಷ್ಟೇ. ಫೌಲ್ ಲೈನಿನಿಂದ ಮೊದಲ ಪಿನ್ನಿಗೆ 60 ಅಡಿ. ಅದರಲ್ಲಿ ಸುಮಾರು 40 ಅಡಿವರೆಗೆ ಯಂತ್ರ ಎಣ್ಣೆ ಬಳಿಯುತ್ತದೆ, ಮುಂದಿನದು ಒಣ. ಚೆಂಡು ಎಣ್ಣೆಯ ಮೇಲೆ ಜಾರುತ್ತದೆ, ಒಣಗಿದ ಜಾಗದಲ್ಲಿ ನೆಲ ಹಿಡಿದು ತಿರುಗುತ್ತದೆ, ಕೊನೆಗೆ ಉರುಳುತ್ತಾ ಪಿನ್ನಿಗೆ ಬಡಿಯುತ್ತದೆ. ಈ ಮೂರು ಹಂತ ಎಲ್ಲೆಲ್ಲಿ ಮುಗಿಯುತ್ತವೆ ಎಂಬುದೇ ಆಟ.

ಈ ತಿರುವು ಶೋಕಿಯಲ್ಲ. ಚೆಂಡು ಸುಮಾರು 6 ಡಿಗ್ರಿ ಕೋನದಲ್ಲಿ ಮೊದಲ ಪಿನ್ನಿಗೂ ಪಕ್ಕದ ಪಿನ್ನಿಗೂ ನಡುವಿನ ಪಾಕೆಟ್ ಹೊಕ್ಕರೆ ಒಂದೇ ಎಸೆತಕ್ಕೆ ಹತ್ತೂ ಪಿನ್ ಬೀಳುವ ಸ್ಟ್ರೈಕ್‌ನ ಸಾಧ್ಯತೆ ಅತಿ ಹೆಚ್ಚು. ಗಟರಿನ ಅಂಚಿನಿಂದಲೇ ನೇರವಾಗಿ ಎಸೆದರೂ ಕೋನ ಒಂದೂವರೆ ಡಿಗ್ರಿ ಮುಟ್ಟುವುದಿಲ್ಲ. ನಡುವಿನ ಅಂತರವನ್ನು ತುಂಬುವುದು ತಿರುವು. ತಿರುವನ್ನು ಕೊಡುವುದು ಘರ್ಷಣೆ. ಘರ್ಷಣೆಯನ್ನು ನಿರ್ಧರಿಸುವುದು ಎಣ್ಣೆ ಮತ್ತು ಚೆಂಡಿನ ಮೈ.

ನನ್ನ ಮಾತೆಲ್ಲ ಇರುವುದು ಆ ಮೈಯ ಬಗ್ಗೆಯೇ. ಪ್ಲಾಸ್ಟಿಕ್ ಚೆಂಡು ಎಣ್ಣೆಯಲ್ಲಿ ಸುಮ್ಮನೆ ಜಾರಿ ಹೋಗುತ್ತದೆ. ಯುರಿಥೇನ್ ಬೇಗ ಹಿಡಿದು ನಿಧಾನವಾಗಿ, ಊಹಿಸಿದಂತೆ ಬಾಗುತ್ತದೆ. ಎಣ್ಣೆ ಕಡಿಮೆ ದೂರ ಬಳಿದ ಲೇನ್‌ಗೆ ಅದು ಹೇಳಿ ಮಾಡಿಸಿದ್ದು. 1990ರ ದಶಕದ ಆರಂಭದಲ್ಲಿ ಬಂದ ರಿಯಾಕ್ಟಿವ್ ರೆಸಿನ್ ಎಣ್ಣೆಯಲ್ಲಿ ಜಾರಿ, ಒಣ ಜಾಗ ಸಿಕ್ಕೊಡನೆ ಥಟ್ಟನೆ ತಿರುಗುತ್ತದೆ. ಅದೇ ರೆಸಿನ್ ಚೆಂಡನ್ನು 500 ಗ್ರಿಟ್‌ನ ಒರಟು ಪ್ಯಾಡಿನಿಂದ ಉಜ್ಜಿದರೆ ದಟ್ಟ ಎಣ್ಣೆಯಲ್ಲೂ ಹಿಡಿತ ಸಿಗುತ್ತದೆ. 4000ಕ್ಕೆ ನಯಗೊಳಿಸಿದರೆ ತಡವಾಗಿ ತಿರುಗುತ್ತದೆ. ಒಣ ಲೇನ್‌ನಲ್ಲಿ ಒರಟು ಚೆಂಡು ಹಾಕಿದರೆ ದಾರಿಯಲ್ಲೇ ಶಕ್ತಿ ಕಳೆದುಕೊಂಡು ಪಿನ್ನುಗಳ ಮುಂದೆ ಸೋಲುತ್ತದೆ. ದಟ್ಟ ಎಣ್ಣೆಯಲ್ಲಿ ಪಾಲಿಶ್ ಚೆಂಡು ಹಾಕಿದರೆ ತಿರುಗುವ ಮೊದಲೇ ಲೇನ್ ಮುಗಿದಿರುತ್ತದೆ.

1973ರಲ್ಲಿ ಅಮೆರಿಕದ ಡಾನ್ ಮೆಕ್‌ಕ್ಯೂನ್ ಪ್ಲಾಸ್ಟಿಕ್ ಚೆಂಡನ್ನು ರಾಸಾಯನಿಕದಲ್ಲಿ ನೆನೆಸಿ ಅದರ ಮೈ ಮೆತ್ತಗೆ ಮಾಡಿದರು. ಆ ವರ್ಷ ವೃತ್ತಿಪರ ಬೌಲರ್‌ಗಳ ಸಂಘವಾದ ಪಿಬಿಎಯ ಶ್ರೇಷ್ಠ ಆಟಗಾರ ಅವರೇ. ಅವರ ತೋಳು ಒಂದೇ ವರ್ಷದಲ್ಲಿ ಹೊಸದಾಗಿರಲಿಲ್ಲ, ಹೊಸದಾಗಿದ್ದದ್ದು ಚೆಂಡಿನ ಮೈ. ಚೆಂಡಿನ ಗಡಸುತನಕ್ಕೆ ಆಮೇಲೆ ನಿಯಮವೇ ಬಂತು. ಮೈಗೆ ಇಷ್ಟು ಬಲವಿಲ್ಲದಿದ್ದರೆ ನಿಯಮ ಏಕೆ ಬೇಕಿತ್ತು?

ಇನ್ನೊಂದು ಸಂಗತಿ. ಎಣ್ಣೆ ಬಳಿದ ಜಾಗದಲ್ಲೇ ಕೂತಿರುವುದಿಲ್ಲ. ರೆಸಿನ್ ಚೆಂಡಿನ ಮೈಯಲ್ಲಿ ಸೂಕ್ಷ್ಮ ರಂಧ್ರಗಳಿವೆ, ಪ್ರತಿ ಎಸೆತದಲ್ಲೂ ಅದು ಎಣ್ಣೆ ಕುಡಿಯುತ್ತದೆ. ಮೊದಲ ಗೇಮ್‌ನಲ್ಲಿ ಪಾಕೆಟ್‌ಗೆ ಹೋಗುತ್ತಿದ್ದ ಚೆಂಡು ಮೂರನೆಯದರಲ್ಲಿ ಬೇಗ ತಿರುಗಿ ಮೊದಲ ಪಿನ್ನಿನ ಮೂಗಿಗೇ ಬಡಿದು ಪಿನ್ನುಗಳನ್ನು ದೂರ ದೂರ ಉಳಿಸಿ ಸ್ಪ್ಲಿಟ್ ಬಿಡುತ್ತದೆ. ನಿಂತ ಜಾಗ ಬದಲಿಸಬಹುದು, ಒಪ್ಪುತ್ತೇನೆ. ಆದರೆ ಎಷ್ಟು ಸರಿಯುತ್ತೀರಿ? ಒಂದು ಹಂತದ ನಂತರ ಸೌಮ್ಯವಾದ ಚೆಂಡನ್ನು ಕೈಗೆತ್ತಿಕೊಳ್ಳಲೇಬೇಕು.

ಮಾದರಿಗಿಂತ, ಬ್ರ್ಯಾಂಡ್‌ಗಿಂತ, ಒಳಗಿನ ಕೋರ್‌ಗಿಂತ ಮೇಲ್ಮೈ ಮುಖ್ಯ. ಕೈಯಲ್ಲಿ ಹಣ ಕಡಿಮೆಯಿದ್ದರೆ ಹೊಸ ಚೆಂಡಿಗೆ ಮೊದಲು ಉಜ್ಜುವ ಪ್ಯಾಡ್ ಕೊಳ್ಳಿ ಎಂದೇ ನಾನೂ ಹೇಳುತ್ತೇನೆ. ಆದರೆ ಸ್ಪರ್ಧೆ ಶುರುವಾದ ಮೇಲೆ ಉಜ್ಜಲು ನಿಯಮ ಬಿಡುವುದಿಲ್ಲ. ಆದ್ದರಿಂದ ಒರಟು ಒಂದು, ನಯ ಒಂದು ಮೊದಲೇ ಸಿದ್ಧವಿರಲಿ. ಬೆಂಗಳೂರಿನ ಚರ್ಚ್ ಸ್ಟ್ರೀಟಿನ ಅಮೀಬಾ ಬೌಲಿಂಗ್ ಕೇಂದ್ರದಲ್ಲಿ ರಾಷ್ಟ್ರೀಯ ಚಾಂಪಿಯನ್‌ಷಿಪ್‌ಗಳು ನಡೆದಿವೆ. ಅಂಥ ಲೇನ್‌ಗೆ ಒಂದೇ ಚೆಂಡು ಹಿಡಿದು ಹೋಗುವುದೆಂದರೆ ಅರ್ಧ ಆಟವನ್ನು ಹೊರಗೇ ಬಿಟ್ಟು ಹೋದಂತೆ. ಆಟವನ್ನು ಪ್ರೀತಿಸುವವರು ಎಣ್ಣೆಯನ್ನು ಗೌರವಿಸಲಿ.

ವಿರೋಧ: ಮೊದಲು ಒಂದು ಚೆಂಡು ಕೈಗೆ ಹತ್ತಲಿ

ಬೇಡ ಎನ್ನಲು ಸಾಕಷ್ಟು ಕಾರಣಗಳಿವೆ. ಕ್ರಮವಾಗಿ ಹೇಳುತ್ತೇನೆ.

ಮೊದಲನೆಯದು, ನಾವು ಆಡುವ ಜಾಗ. ಮಾಲ್‌ನ ಲೇನ್‌ಗೆ ಇಂದು ಯಾವ ನಮೂನೆಯಲ್ಲಿ ಎಣ್ಣೆ ಬಳಿದಿದ್ದಾರೆ ಎಂದು ಹವ್ಯಾಸಿಗೆ ಯಾರೂ ಮೊದಲೇ ಹೇಳುವುದಿಲ್ಲ. ಗೊತ್ತಿಲ್ಲದ ಎಣ್ಣೆಗೆ ಚೆಂಡು ಆರಿಸುವುದು ಹೇಗೆ? ಮೇಲಾಗಿ ಅಲ್ಲಿನ ಸಾಮಾನ್ಯ ನಮೂನೆಯಲ್ಲಿ ನಡುವೆ ಎಣ್ಣೆ ಹೆಚ್ಚು, ಅಂಚಿನಲ್ಲಿ ಕಡಿಮೆ. ಗುರಿ ಸ್ವಲ್ಪ ಹೊರಗೆ ತಪ್ಪಿದರೂ ಚೆಂಡು ತಾನೇ ಒಳಗೆ ಬರುತ್ತದೆ.

ಎರಡನೆಯದು, ಕಾಲು. ಲೇನ್‌ನ ಅಗಲದಲ್ಲಿ 39 ಬೋರ್ಡ್‌ಗಳಿವೆ. ಚೆಂಡು ಹೆಚ್ಚು ತಿರುಗಿದರೆ ಬಲಗೈ ಆಟಗಾರ ಎರಡು ಬೋರ್ಡ್ ಎಡಕ್ಕೆ ಸರಿದು, ಗುರಿಯನ್ನು ಒಂದು ಬೋರ್ಡ್ ಸರಿಸಿದರೆ ಸಾಕು. ವೇಗ ಹೆಚ್ಚಿಸಬಹುದು, ಮಣಿಕಟ್ಟು ಸಡಿಲಿಸಬಹುದು. ಎಣ್ಣೆ ಬಳಿದ ಉದ್ದದಿಂದ 31 ಕಳೆಯುವ ಸೂತ್ರವಿದೆ: 41 ಅಡಿಯಾದರೆ ಚೆಂಡು ಅಂಚಿನಿಂದ ಹತ್ತನೇ ಬೋರ್ಡಿನ ಆಸುಪಾಸಿನಲ್ಲಿ ತಿರುಗಬೇಕು. ಈ ಲೆಕ್ಕಕ್ಕೆ ಎರಡನೇ ಚೆಂಡು ಬೇಕಿಲ್ಲ.

ಮೂರನೆಯದು, ಅಂಕ. ಒಂದೂ ಸ್ಟ್ರೈಕ್ ಇಲ್ಲದೆ, ಪ್ರತಿ ಫ್ರೇಮ್‌ನಲ್ಲಿ 9 ಪಿನ್ ಬೀಳಿಸಿ, ಉಳಿದ ಒಂದನ್ನು ತಪ್ಪದೆ ಹೊಡೆದು, ಕೊನೆಯ ಎಸೆತದಲ್ಲೂ 9 ಗಳಿಸಿದರೆ 190 ಅಂಕ. ನಮ್ಮಲ್ಲಿ ಎಷ್ಟು ಮಂದಿ ಹವ್ಯಾಸಿಗಳು 190ರ ಸರಾಸರಿ ಕಂಡಿದ್ದೇವೆ? ನಾವು ಸೋಲುವುದು ಸ್ಪೇರ್, ಅಂದರೆ ಆ ಉಳಿದ ಪಿನ್, ತಪ್ಪಿಸಿಕೊಂಡು.

ನಾಲ್ಕನೆಯದು, ಹೊರೆ. 15 ಪೌಂಡಿನ ಮೂರು ಚೆಂಡು ಎಂದರೆ 20 ಕಿಲೋ. ಮಲ್ಕಾಜ್‌ಗಿರಿಯಿಂದ ಮೆಟ್ಟುಗೂಡಕ್ಕೆ ಆಟೊದಲ್ಲಿ ಹೋಗಿ, ಮೆಟ್ರೊ ಹತ್ತಿ ಊರಿನ ಆ ತುದಿಗೆ ಅದನ್ನು ಹೊತ್ತೊಯ್ಯುವವರು ಯಾರು? ಒಳ್ಳೆಯ ಚೆಂಡುಗಳು ಹೊರದೇಶದಿಂದ ಬರುತ್ತವೆ, ಕೈ ಅಳತೆಗೆ ರಂಧ್ರ ಕೊರೆಯಬಲ್ಲವರು ಕಡಿಮೆ. ಅಳತೆ ತಪ್ಪಿದ ಮೂರು ಚೆಂಡಿಗಿಂತ ಬೆರಳಿಗೆ ಸರಿಯಾಗಿ ಕೂರುವ ಒಂದೇ ಮೇಲು.

ಐದನೆಯದು, ಇತಿಹಾಸ. ಅರ್ಲ್ ಆಂಥನಿ 1975ರಲ್ಲಿ, ಒಂದೇ ಋತುವಿನಲ್ಲಿ ಒಂದು ಲಕ್ಷ ಡಾಲರ್ ಬಹುಮಾನ ದಾಟಿದ ಮೊದಲ ಬೌಲರ್ ಆದರು. ಆಗ ರಿಯಾಕ್ಟಿವ್ ರೆಸಿನ್ ಹುಟ್ಟೇ ಇರಲಿಲ್ಲ. ಅವರ ಬಂಡವಾಳ ತಪ್ಪದ ಗುರಿ.

ಮೂಲೆಯ ಪಿನ್ ಹೊಡೆಯಲು ಮಾತ್ರ ನೇರ ಹೋಗುವ ಪ್ಲಾಸ್ಟಿಕ್ ಚೆಂಡೊಂದು ಇದ್ದರೆ ಒಳ್ಳೆಯದೇ. ಅಲ್ಲಿಗೆ ಎರಡಾಯಿತು, ನಿಜ. ಅಂಚಿನಲ್ಲೂ ಎಣ್ಣೆ ದಟ್ಟವಾಗಿರುವ ರಾಷ್ಟ್ರೀಯ ಸ್ಪರ್ಧೆಯ ಲೇನ್‌ನಲ್ಲಿ ಒಂದೇ ಚೆಂಡಿನಿಂದ ದಿನವಿಡೀ ಆಡಲಾಗದು ಎಂಬುದನ್ನೂ ಅಲ್ಲಗಳೆಯುವುದಿಲ್ಲ. ಅಲ್ಲಿಗೆ ತಲುಪಿದವರು ಖಂಡಿತ ಕೊಳ್ಳಲಿ. ಉಳಿದವರು ಈ ವರ್ಷ ಹೊಸ ಚೆಂಡಿನ ಹಣವನ್ನು ಅಭ್ಯಾಸದ ಗೇಮ್‌ಗಳಿಗೆ ಕೊಡಲಿ. ಮೂಲೆಯ ಹತ್ತನೇ ಪಿನ್ ಹತ್ತಕ್ಕೆ ಒಂಬತ್ತು ಸಲ ಬೀಳತೊಡಗಿದ ಮೇಲೆ ಎಣ್ಣೆಯ ಮಾತಾಡೋಣ.