ಡಾಕ್ಟರ್ ಸೀಟು ಸಿಗಲಿಲ್ಲವೆಂದು ಮಗಳನ್ನು ಕೊರಗಿಸಬೇಡಿ



ಪರೀಕ್ಷೆಯ ಫಲಿತಾಂಶಗಳು ಬರುವ ದಿನಗಳಲ್ಲಿ ನನಗೆ ಬರುವ ಕಾಗದಗಳ ಧಾಟಿಯೇ ಬದಲಾಗುತ್ತದೆ. ಮಾವಿನ ಮಿಡಿ ಕೆಡದ ಹಾಗೆ ಇಡುವುದು ಹೇಗೆ ಅಂತ ಕೇಳುತ್ತಿದ್ದವರೇ, “ಮಗಳಿಗೆ ನೀಟ್‌ನಲ್ಲಿ ಅಂಕ ಸಾಲಲಿಲ್ಲ. ಡಾಕ್ಟರ್ ಆಗುವ ಆಸೆ ಮಣ್ಣುಪಾಲಾಯಿತು. ಸರಿಯಾಗಿ ಊಟ ಮಾಡುತ್ತಿಲ್ಲ. ಮನೆಯವರು ಯಾವುದಾದರೂ ಡಿಗ್ರಿಗೆ ಸೇರಿಸಿ ಗಂಡು ನೋಡೋಣ ಅಂತಾರೆ. ನಾನೇನು ಮಾಡಲಿ?” ಎಂದು ಬರೆಯುತ್ತಾರೆ. ಇಂಥ ಕಾಗದಗಳಿಗೆಲ್ಲ ಈ ಪಕ್ಷ ಒಟ್ಟಿಗೆ ಉತ್ತರ ಬರೆಯುತ್ತಿದ್ದೇನೆ.

ಮೊದಲು ಆ ಹುಡುಗಿಗೆ ಬಿಸಿ ಅನ್ನ ಬಡಿಸಿ, ಹೊಟ್ಟೆ ತುಂಬ ಉಣ್ಣಿಸಿ. ಆಮೇಲೆ ಪಕ್ಕದಲ್ಲಿ ಕೂತು ಒಂದೇ ಒಂದು ಪ್ರಶ್ನೆ ಕೇಳಿ. “ನಿನಗೆ ಬೇಕಾಗಿದ್ದು ಡಾಕ್ಟರ್ ಅನ್ನೋ ಬೋರ್ಡೋ, ಇಲ್ಲಾ ಜನರ ಕಾಯಿಲೆ ಕಡಿಮೆ ಮಾಡೋ ಕೆಲಸವೋ?” ಎರಡನೆಯದು ಎಂದಳೋ, ಅವಳಿಗೆ ಇನ್ನೊಂದು ದಾರಿ ಇದೆ. ಅದರ ಹೆಸರು ಸಾರ್ವಜನಿಕ ಆರೋಗ್ಯ. ಪಬ್ಲಿಕ್ ಹೆಲ್ತ್ ಅಂತಾರಲ್ಲ, ಅದೇ.

“ಅಂದರೆ ಡಾಕ್ಟರ್ ಆಗದೆ ಉಳಿದವರ ಕೆಲಸ ತಾನೇ?” ಎನ್ನಬೇಡಿ. ಡಾಕ್ಟರು ತಮ್ಮ ಹತ್ತಿರ ಬಂದ ಒಬ್ಬ ರೋಗಿಯನ್ನು ನೋಡುತ್ತಾರೆ. ಈ ಶಾಸ್ತ್ರ ಓದಿದವರು ಇಡೀ ಬೀದಿಯನ್ನು ನೋಡುತ್ತಾರೆ. ಯಾರಿಗೆ ಬಂತು, ಯಾರಿಗೆ ಬರಲಿಲ್ಲ, ಯಾಕೆ ಬಂತು, ಮುಂದಿನ ವರ್ಷ ಬರದ ಹಾಗೆ ಏನು ಮಾಡಬೇಕು ಅಂತ ಹುಡುಕುತ್ತಾರೆ. ಕಸುಬೇ ಬೇರೆ, ಕಣ್ಣೇ ಬೇರೆ.

ಒಂದು ಉದಾಹರಣೆ ಹೇಳುತ್ತೇನೆ. ನಾರುಹುಣ್ಣು ಎಂಬ ಹೆಸರನ್ನು ನಿಮ್ಮ ಅತ್ತೆಯವರೋ ಅಜ್ಜಿಯವರೋ ಹೇಳಿರಬಹುದು. ಕಾಲಿನಲ್ಲಿ ಬೊಬ್ಬೆ ಎದ್ದು, ಒಡೆದು, ಅದರೊಳಗಿಂದ ಮೊಳಗಟ್ಟಲೆ ಉದ್ದದ ದಾರದಂಥ ಹುಳು ಹೊರಬರುತ್ತಿತ್ತು. ನಮ್ಮ ಕರ್ನಾಟಕದಲ್ಲೂ ಇದ್ದ ಕಾಯಿಲೆ ಇದು. ಮೆಟ್ಟಿಲು ಬಾವಿಗೆ ಹುಣ್ಣಿನ ಕಾಲು ಇಟ್ಟು ಇಳಿದರೆ ಹುಳು ನೀರಿಗೆ ಮರಿ ಬಿಡುತ್ತಿತ್ತು. ಆ ಮರಿಗಳನ್ನು ನೀರಿನಲ್ಲಿರುವ ಸಣ್ಣ ಜೀವಿಯೊಂದು ನುಂಗುತ್ತಿತ್ತು. ಆ ನೀರನ್ನು ಸೋಸದೆ ಕುಡಿದವರಿಗೆ ಸುಮಾರು ಒಂದು ವರ್ಷದ ನಂತರ ಮತ್ತೆ ಅದೇ ಹುಣ್ಣು. ಇದಕ್ಕೆ ಲಸಿಕೆ ಇರಲಿಲ್ಲ, ಹುಳುವನ್ನು ಕೊಲ್ಲುವ ಮಾತ್ರೆಯೂ ಇರಲಿಲ್ಲ. ಹಾಗಿದ್ದರೆ ಹೋಗಿದ್ದು ಹೇಗೆ? ಕುಡಿಯುವ ನೀರನ್ನು ಬಟ್ಟೆಯಲ್ಲಿ ಸೋಸಿದ್ದರಿಂದ, ಮೆಟ್ಟಿಲು ಬಾವಿಗಳನ್ನು ಸೇದುವ ಬಾವಿಗಳಾಗಿ ಬದಲಾಯಿಸಿದ್ದರಿಂದ, ಕೊಳವೆ ಬಾವಿ ಹಾಕಿಸಿದ್ದರಿಂದ, ನೀರಿಗೆ ಔಷಧಿ ಬಿಟ್ಟದ್ದರಿಂದ, ಮನೆ ಮನೆ ಸುತ್ತಿ ಹುಣ್ಣಿನವರನ್ನು ಹುಡುಕಿದ್ದರಿಂದ. ದೇಶದ ಕೊನೆಯ ರೋಗಿ ಕಂಡದ್ದು 1996ರಲ್ಲಿ, ರಾಜಸ್ಥಾನದಲ್ಲಿ. 2000ದಲ್ಲಿ ಭಾರತ ನಾರುಹುಣ್ಣಿನಿಂದ ಮುಕ್ತವೆಂದು ವಿಶ್ವ ಆರೋಗ್ಯ ಸಂಸ್ಥೆ ಪ್ರಮಾಣಪತ್ರ ಕೊಟ್ಟಿತು. ನೀರು ಸೋಸುವ ಬಟ್ಟೆ ಹಿಡಿದ ಕೈ ಹೆಚ್ಚಾಗಿ ಯಾರದ್ದು? ನಮ್ಮಂಥ ಹೆಂಗಸರದ್ದೇ ಅಲ್ಲವೇ!

ಮಲೆನಾಡಿನ ಸೋದರಿಯರಿಗೆ ಮಂಗನ ಕಾಯಿಲೆ ಗೊತ್ತೇ ಇದೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯುತ್ತಿದ್ದವು, ಸುತ್ತಲಿನ ಜನಕ್ಕೆ ಜ್ವರ ಬರುತ್ತಿತ್ತು. ಇವೆರಡಕ್ಕೂ ಸಂಬಂಧ ಇರಬಹುದೆಂದು ಪುಣೆಯಿಂದ ಬಂದ ತಜ್ಞರು ಕಾಡು ಸುತ್ತಿ ಹುಡುಕಿದರು. ಉಣ್ಣೆ ಹುಳದಿಂದ ಹರಡುವ ಹೊಸ ವೈರಸ್ಸು ಅಂತ ತಿಳಿಯಿತು. ಇಂದಿಗೂ ಕಾಡಂಚಿನ ಊರಿನಲ್ಲಿ ಮಂಗ ಸತ್ತರೆ ಆರೋಗ್ಯ ಇಲಾಖೆಗೆ ಸುದ್ದಿ ಮುಟ್ಟಿಸಿ ಅನ್ನುವುದು ಇದಕ್ಕೇ. ಸತ್ತ ಮಂಗವೇ ಮುನ್ನೆಚ್ಚರಿಕೆಯ ಗಂಟೆ.

ಇಂಥ ಹುಡುಕಾಟ ಕಲಿಸುವುದೇ ಈ ಓದು. ಕಾಯಿಲೆ ಹರಡುವ ಬಗೆ, ಅಂಕಿಸಂಖ್ಯೆ, ನೀರು ಮತ್ತು ನೈರ್ಮಲ್ಯ, ಪೌಷ್ಟಿಕ ಆಹಾರ, ತಾಯಿ ಮಕ್ಕಳ ಆರೋಗ್ಯ, ಜನರ ನಡವಳಿಕೆ, ಸರ್ಕಾರದ ಯೋಜನೆಗಳು – ಇವು ಪಾಠಗಳು. ಅಂಕಿಸಂಖ್ಯೆ ಅಂದ ತಕ್ಷಣ ಹೆದರಬೇಡಿ. ನಿಮ್ಮ ಬೀದಿಯ 40 ಮನೆ ನೋಡಿ, 6 ಮನೆಯ ತೊಟ್ಟಿ ಡ್ರಮ್ಮುಗಳಲ್ಲಿ ಸೊಳ್ಳೆ ಮರಿ ಸಿಕ್ಕರೆ, ನೂರಕ್ಕೆ 15 ಮನೆ ಅಂತಾಯಿತು. ಡೆಂಗಿ ತಡೆಯುವವರು ಬರೆದುಕೊಳ್ಳುವ ಲೆಕ್ಕಗಳಲ್ಲಿ ಇದೂ ಒಂದು. ಮುಂದಿನ ತಿಂಗಳು ನೂರಕ್ಕೆ 5ಕ್ಕೆ ಇಳಿದರೆ ಕೆಲಸ ಆಗುತ್ತಿದೆ, 25ಕ್ಕೆ ಏರಿದರೆ ಎಲ್ಲೋ ತಪ್ಪುತ್ತಿದೆ. ವಾರಕ್ಕೊಮ್ಮೆ ತೊಟ್ಟಿ ಖಾಲಿ ಮಾಡಿ ಉಜ್ಜಿ ಎನ್ನುವುದಕ್ಕೂ ಲೆಕ್ಕವಿದೆ. ಮೊಟ್ಟೆಯಿಂದ ಹಾರುವ ಸೊಳ್ಳೆಯಾಗಲು ಸುಮಾರು 8ರಿಂದ 10 ದಿನ ಬೇಕು. ಏಳನೇ ದಿನಕ್ಕೆ ನೀವು ಉಜ್ಜಿಬಿಟ್ಟರೆ ಅದು ಹಾರುವ ಮಾತೆಲ್ಲಿ?

ಇನ್ನು ಓದಿನ ದಾರಿಗಳು. ಇದೇ ತಾಯಂದಿರು ಹೆಚ್ಚು ಕೇಳುವ ವಿಷಯ.

ಮೊದಲನೆಯದು ಬಿ.ಎಸ್ಸಿ. ನರ್ಸಿಂಗ್. ನಾಲ್ಕು ವರ್ಷದ ಓದು. ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಓದಿರಬೇಕು. ಇದರಲ್ಲಿ ಸಮುದಾಯ ಆರೋಗ್ಯದ ಪಾಠವೂ ಇದೆ, ಹಳ್ಳಿಗೆ ಹೋಗಿ ಮಾಡುವ ಅಭ್ಯಾಸವೂ ಇದೆ. ಹಳ್ಳಿಯ ಉಪಕೇಂದ್ರಗಳು ಈಗ ಆಯುಷ್ಮಾನ್ ಆರೋಗ್ಯ ಮಂದಿರಗಳಾಗಿವೆ. ಅಲ್ಲಿ ಸಮುದಾಯ ಆರೋಗ್ಯ ಅಧಿಕಾರಿ ಎಂಬ ಹುದ್ದೆಗೆ ಈ ಓದು ಬೇಕು. ಬಯಲು ಸೀಮೆಯಲ್ಲಿ 5,000 ಜನಕ್ಕೆ, ಗುಡ್ಡಗಾಡಿನಲ್ಲಿ 3,000 ಜನಕ್ಕೆ ಒಂದು ಉಪಕೇಂದ್ರ ಎಂಬುದು ಲೆಕ್ಕ.

ಎರಡನೆಯದು ಹೆಲ್ತ್ ಇನ್ಸ್‌ಪೆಕ್ಟರ್ ಡಿಪ್ಲೊಮಾ. ಪದವಿ ಅಲ್ಲದಿದ್ದರೂ ಬೇಗ ಕೆಲಸಕ್ಕೆ ಸೇರಬೇಕಾದ ಮನೆಯ ಮಕ್ಕಳಿಗೆ ಒಳ್ಳೆಯದು. ನಮ್ಮ ರಾಜ್ಯದಲ್ಲಿ ಇಂಥ ಡಿಪ್ಲೊಮಾಗಳನ್ನು ಅರೆವೈದ್ಯಕೀಯ ಮಂಡಳಿ ನೋಡಿಕೊಳ್ಳುತ್ತದೆ.

ಮೂರನೆಯದು ಸಾರ್ವಜನಿಕ ಆರೋಗ್ಯದಲ್ಲೇ ನೇರ ಪದವಿ. ಕೆಲವು ವಿಶ್ವವಿದ್ಯಾಲಯಗಳಲ್ಲಿದೆ. ಓದು ಸೊಗಸಾಗಿದೆ, ಆದರೆ ಕೆಲಸದ ದೃಷ್ಟಿಯಿಂದ ಎಚ್ಚರಿಕೆ ಬೇಕು. ಅದನ್ನು ಮುಂದೆ ಹೇಳುತ್ತೇನೆ.

ನಾಲ್ಕನೆಯದು ಬೇರೆ ಪದವಿ ಮುಗಿಸಿ ಎಂ.ಪಿ.ಎಚ್. ಸೇರುವುದು. ಎರಡು ವರ್ಷದ ಸ್ನಾತಕೋತ್ತರ ಓದು. ಗೃಹವಿಜ್ಞಾನ, ಆಹಾರ ಮತ್ತು ಪೋಷಣೆ, ಜೀವಶಾಸ್ತ್ರ, ಸಂಖ್ಯಾಶಾಸ್ತ್ರ, ಸಮಾಜಕಾರ್ಯ ಓದಿದವರಿಗೂ ಹಲವು ಕಡೆ ಬಾಗಿಲು ತೆರೆದಿದೆ. ಮಣಿಪಾಲ, ಮೈಸೂರಿನ ಜೆಎಸ್ಎಸ್, ಬೆಂಗಳೂರಿನ ನಿಮ್ಹಾನ್ಸ್, ಗದಗಿನ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯಗಳಲ್ಲಿ ಈ ಓದು ಇದೆ. ಕೋಲ್ಕತ್ತದ ಅಖಿಲ ಭಾರತ ನೈರ್ಮಲ್ಯ ಮತ್ತು ಸಾರ್ವಜನಿಕ ಆರೋಗ್ಯ ಸಂಸ್ಥೆ 1932ರಿಂದಲೂ ಇದೆ. ಒಂದೊಂದು ಕಡೆ ಒಂದೊಂದು ನಿಯಮ. ಆಯಾ ವರ್ಷದ ಪ್ರಕಟಣೆ ನೋಡಿಯೇ ಅರ್ಜಿ ಹಾಕಿ.

ಈಗ ಎಚ್ಚರಿಕೆಯ ಮಾತು. ನಮ್ಮ ಬೀದಿಯ ಹುಡುಗಿಯೊಬ್ಬಳನ್ನು ದೊಡ್ಡ ಊರಿನ ಒಂದು ಸಂಸ್ಥೆಗೆ ಸೇರಿಸಿದರು. ಗೋಡೆ ತುಂಬ ಬಣ್ಣದ ಚಿತ್ರ, ನೂರಕ್ಕೆ ನೂರು ಕೆಲಸ ಅಂತ ಮಾತು. ತಾಯಿ ಕತ್ತಿನ ಸರ ಅಡವಿಟ್ಟು ಫೀಸು ಕಟ್ಟಿದರು. ಓದು ಮುಗಿದ ಮೇಲೆ ಸರ್ಕಾರಿ ಅರ್ಜಿಯ ಜೊತೆ ಸರ್ಟಿಫಿಕೇಟ್ ಇಟ್ಟರೆ, ಇದಕ್ಕೆ ಮಾನ್ಯತೆ ಇಲ್ಲ ಅಂತ ವಾಪಸು ಬಂತು. ಹುಡುಗಿಯ ಮೂರು ವರ್ಷವೂ ಹೋಯಿತು, ಸರವೂ ಬರಲಿಲ್ಲ. ಆದ್ದರಿಂದ ಸೀರೆ ಕೊಳ್ಳುವಾಗ ಅಂಚು, ಸೆರಗು, ನೇಯ್ಗೆ ಮೂರನ್ನೂ ತಿರುಗಿಸಿ ನೋಡುವ ನೀವು, ಕಾಲೇಜಿನ ವಿಷಯದಲ್ಲೂ ಇಷ್ಟನ್ನು ಕೇಳಲೇಬೇಕು.

1. ಯಾವ ವಿಶ್ವವಿದ್ಯಾಲಯಕ್ಕೆ ಅಥವಾ ಮಂಡಳಿಗೆ ಸೇರಿದೆ? ಕಾಲೇಜಿನವರ ಬಾಯಿಮಾತು ಬೇಡ, ಆ ವಿಶ್ವವಿದ್ಯಾಲಯದ ಪಟ್ಟಿಯಲ್ಲೇ ಹೆಸರಿದೆಯೇ ನೋಡಿ.

2. ನರ್ಸಿಂಗ್ ಆದರೆ ಓದು ಮುಗಿದ ಮೇಲೆ ರಾಜ್ಯ ನರ್ಸಿಂಗ್ ಪರಿಷತ್ತಿನಲ್ಲಿ ನೋಂದಣಿ ಆಗುತ್ತದೆಯೇ?

3. ಸರ್ಕಾರದ ಹಳೆಯ ನೇಮಕಾತಿ ಪ್ರಕಟಣೆ ಒಂದೆರಡನ್ನು ತರಿಸಿ ಓದಿ. ಹುದ್ದೆಯ ಮುಂದೆ ಬೇಕಾದ ವಿದ್ಯಾರ್ಹತೆ ಬರೆದಿರುತ್ತಾರೆ. ನಿಮ್ಮ ಮಗಳು ಸೇರಲಿರುವ ಪದವಿಯ ಹೆಸರು ಅಲ್ಲಿ ಇದೆಯೇ? ನೇರ ಪದವಿಯ ಬಗ್ಗೆ ಎಚ್ಚರಿಕೆ ಬೇಕು ಅಂದದ್ದು ಇದಕ್ಕೇ. ಹೆಸರು ಇಲ್ಲದಿದ್ದರೆ ಆ ಪದವಿಯ ಮೇಲೆ ಎಂ.ಪಿ.ಎಚ್. ಕೂಡ ಓದಿಸುವ ಶಕ್ತಿ ಇದೆಯೇ ಅಂತ ಮೊದಲೇ ಲೆಕ್ಕ ಹಾಕಿ.

4. ಹಳ್ಳಿಯಲ್ಲೋ ಆರೋಗ್ಯ ಕೇಂದ್ರದಲ್ಲೋ ಎಷ್ಟು ತಿಂಗಳು ಅಭ್ಯಾಸ ಕೊಡಿಸುತ್ತಾರೆ? ನಾಲ್ಕು ಗೋಡೆಯೊಳಗೆ ಈ ವಿದ್ಯೆ ಬರುವುದಿಲ್ಲ.

5. ಕೊನೆಯ ವರ್ಷದ ಇಬ್ಬರು ಹುಡುಗಿಯರನ್ನು ಕಾಲೇಜಿನ ಹೊರಗೆ ಮಾತಾಡಿಸಿ. ನಿಜ ಅವರ ಬಾಯಲ್ಲಿ ಸಿಗುತ್ತದೆ.

ಇನ್ನೊಂದು ಮಾತನ್ನೂ ಮುಚ್ಚಿಡುವುದಿಲ್ಲ. ಈ ಕೆಲಸದಲ್ಲಿ ಹಣದ ಹೊಳೆ ಹರಿಯುವುದಿಲ್ಲ. ಎಷ್ಟೋ ಹುದ್ದೆಗಳು ಗುತ್ತಿಗೆಯ ಮೇಲೆ. ಬಿಸಿಲಲ್ಲಿ ತಿರುಗಬೇಕು, ಬಸ್ಸು ಕಾಯಬೇಕು. “ಇವಳ್ಯಾಕೆ ನಮ್ಮನೆ ತೊಟ್ಟಿ ನೋಡೋಕೆ ಬಂದ್ಲು” ಅಂತ ಅನ್ನಿಸಿಕೊಳ್ಳಬೇಕು. ಇದನ್ನೆಲ್ಲ ಮಗಳಿಗೆ ಮೊದಲೇ ಹೇಳಿ. ಕೇಳಿಯೂ ಅವಳು ಹೂಂ ಅಂದರೆ, ಆ ಹೂಂಗೆ ಬೆಲೆ ಇದೆ.

ನನ್ನ ತಂಗಿಯ ಮಗಳು ಬಿ.ಎಸ್ಸಿ. ನರ್ಸಿಂಗ್ ಮುಗಿಸಿ ಒಂದು ಹಳ್ಳಿಯಲ್ಲಿ ಸಮುದಾಯ ಆರೋಗ್ಯ ಅಧಿಕಾರಿಯಾಗಿದ್ದಾಳೆ. ಅವಳಿಗೂ ಡಾಕ್ಟರ್ ಸೀಟು ಸಿಕ್ಕಿರಲಿಲ್ಲ. ಆ ಊರಿನ ಒಂದು ಕೇರಿಯಲ್ಲಿ ಕೂಸುಗಳಿಗೆ ಚುಚ್ಚುಮದ್ದು ಹಾಕಿಸುವವರು ತೀರ ಕಡಿಮೆ. ಅಲ್ಲಿನ ಹೆಂಗಸರಿಗೆ ತಿಳಿವಳಿಕೆ ಇಲ್ಲ ಅಂತ ಎಲ್ಲರೂ ಹೇಳುತ್ತಿದ್ದರು. ಇವಳು ಆಶಾ ಕಾರ್ಯಕರ್ತೆಯನ್ನು ಜೊತೆಗೆ ಕರೆದುಕೊಂಡು ಮನೆ ಮನೆಗೆ ಹೋಗಿ, ಒಂದೊಂದು ತಾಯಿಯ ಕಾರಣವನ್ನೂ ಪುಸ್ತಕದಲ್ಲಿ ಬರೆದುಕೊಂಡಳು. ಕೊನೆಗೆ ನೋಡಿದರೆ ಅಜ್ಞಾನವೂ ಅಲ್ಲ, ಹಟವೂ ಅಲ್ಲ. ಚುಚ್ಚುಮದ್ದು ಹಾಕುವ ಗುರುವಾರವೇ ಪಕ್ಕದ ಊರಿನ ಸಂತೆ! ಸೊಪ್ಪು ತರಕಾರಿ ಮಾರುವ ಹೆಂಗಸರು ಬೆಳಗಿನ ಬಸ್ಸಿಗೇ ಹೋಗಿಬಿಡುತ್ತಿದ್ದರು. ಮೇಲಿನವರೊಡನೆ ಮಾತಾಡಿ ಆ ಕೇರಿಗೆ ಬೇರೆ ದಿನ ಗೊತ್ತುಮಾಡಿಸಿದಳು. ತಾಯಂದಿರು ಕೂಸುಗಳನ್ನು ಎತ್ತಿಕೊಂಡು ತಾವಾಗಿಯೇ ಬಂದರು. ಬೈದಿದ್ದರೆ ಬರುತ್ತಿದ್ದರೇ? ಕಾರಣ ಕೇಳುವ ಈ ತಾಳ್ಮೆಯೇ ಈ ಓದಿನ ಸಾರ ಅಂತ ನನಗನ್ನಿಸುತ್ತದೆ.

ಕಾಲೇಜು ಶುರುವಾಗುವ ಮುಂಚೆ ಮನೆಯಲ್ಲೇ ಮಗಳನ್ನು ಹದ ಮಾಡಬಹುದು. ಒಂದು ನೋಟ್ ಬುಕ್ ಕೊಡಿ. ನಿಮ್ಮ ಬೀದಿಯಲ್ಲಿ ನೀರು ಯಾವ ದಿನ ಬರುತ್ತದೆ, ಎಷ್ಟು ಮನೆಯವರು ಕುದಿಸಿ ಕುಡಿಯುತ್ತಾರೆ, ಚರಂಡಿ ಎಲ್ಲಿ ಕಟ್ಟಿದೆ ಅಂತ ಬರೆಯಲಿ. ಯಾರ ಮನೆಯ ಗುಟ್ಟನ್ನೂ ಇನ್ನೊಬ್ಬರ ಮನೆಯಲ್ಲಿ ಆಡಬಾರದು ಅನ್ನುವ ಶಿಸ್ತು ಈಗಲೇ ಬರಲಿ. ಈ ಕೆಲಸದಲ್ಲಿ ಅದು ಎಲ್ಲಕ್ಕಿಂತ ಮುಖ್ಯ. ದಿನಾ ಅರ್ಧ ಗಂಟೆ ಇಂಗ್ಲಿಷ್ ಓದಲಿ, ಕಂಪ್ಯೂಟರಿನಲ್ಲಿ ಪಟ್ಟಿ ಮಾಡುವುದನ್ನು ಕಲಿಯಲಿ. ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದವರನ್ನು ಕೇಳಿ ಒಂದು ಚುಚ್ಚುಮದ್ದಿನ ದಿನ ಅಲ್ಲಿ ಕೂತು ನೋಡಿ ಬರಲಿ. ಆ ಒಂದು ದಿನದಲ್ಲೇ ಅವಳಿಗೆ ಈ ಕೆಲಸ ಹಿಡಿಸುತ್ತದೋ ಇಲ್ಲವೋ ಗೊತ್ತಾಗಿಬಿಡುತ್ತದೆ.

ಗಂಡು ನೋಡುವ ಆತುರದಲ್ಲಿರುವ ಯಜಮಾನರಿಗೆ ಈ ಪುಟವನ್ನೇ ಓದಿ ಹೇಳಿ. ನಾಲ್ಕು ವರ್ಷ ಕಳೆದರೂ ಗಂಡು ಸಿಗುತ್ತಾನೆ. ಕೈಯಲ್ಲಿ ವಿದ್ಯೆ ಇರುವ ಹುಡುಗಿಗೆ ಇನ್ನೂ ಒಳ್ಳೆಯವನೇ ಸಿಗುತ್ತಾನೆ. ಸಿಗುವವರೆಗೂ, ಸಿಕ್ಕ ಮೇಲೂ, ಅವಳು ಯಾರ ಮುಂದೆಯೂ ಕೈ ಚಾಚಬೇಕಾಗಿಲ್ಲ.

ನಿಮ್ಮೂರಿನಲ್ಲಿ ಈ ಓದು ಓದಿದ ಹೆಣ್ಣುಮಕ್ಕಳಿದ್ದರೆ ಅವರ ಅನುಭವ ಬರೆದು ಕಳಿಸಿ. ಬೇರೆ ತಾಯಂದಿರಿಗೆ ದಾರಿಯಾಗುತ್ತದೆ.