ಆನೆ ನೋಡಲು ದುಡ್ಡು ಕೊಟ್ಟು ಹೋಗಬೇಕೆ?

ಸಂಘದ ಡಿಪೋ ಮುಂದೆ ಗೊಬ್ಬರಕ್ಕಾಗಿ ಸಾಲಿನಲ್ಲಿ ನಿಂತಿದ್ದಾಗ ಸದಸ್ಯ ಬಂಧುಗಳೊಬ್ಬರು ಕೇಳಿದ ಪ್ರಶ್ನೆಯನ್ನೇ ಈ ಬರಹದ ತಲೆಗೆ ಇಟ್ಟಿದ್ದೇವೆ. ಮಾಗಿಯ ಚಳಿ ಮುಗಿಯುವುದರೊಳಗೆ ಒಂದು ದಿನ ಕಾಡು ಪ್ರಾಣಿಗಳನ್ನೂ ಮೈಸೂರಿನ ದೀಪಗಳನ್ನೂ ತೋರಿಸಬೇಕೆಂದು ಮನೆಯಲ್ಲಿ ಮಕ್ಕಳು ಹಟ ಹಿಡಿದಿದ್ದಾರೆ ಎಂದು ನಾವು ಹೇಳಿದ್ದೆವು. ಅದಕ್ಕೆ ಅವರು, "ಅಲ್ಲ ಸ್ವಾಮಿ, ಆನೆ ನಮ್ಮ ಕಣಕ್ಕೇ ಬರುತ್ತೆ. ಟಿಕೇಟೂ ಬೇಡ, ಜೀಪೂ ಬೇಡ. ದುಡ್ಡು ಕೊಟ್ಟು ಹೋಗಿ ನೋಡಬೇಕೆ?" ಎಂದರು. ಸುತ್ತ ನಿಂತವರೆಲ್ಲ ನಕ್ಕರು. ನಾವೂ ನಕ್ಕೆವು. ಆದರೆ ಅವರ ತೋಟದಲ್ಲಿ ಅದೇ ವಾರ ಫಲಕ್ಕೆ ಬಂದ ಅಡಿಕೆ ಮರಗಳು ನೆಲಕ್ಕೆ ಬಿದ್ದಿದ್ದವು ಎಂಬುದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು.

ಪ್ರಶ್ನೆ ನ್ಯಾಯವಾದದ್ದೇ. ಆದರೂ ನಮ್ಮ ಉತ್ತರ "ಹೋಗಬೇಕು" ಎಂಬುದೇ. ಏಕೆ ಎಂಬುದನ್ನು 2025ರ ಡಿಸೆಂಬರಿನಲ್ಲಿ ನಾವು ಮಾಡಿಬಂದ ಒಂದು ಭಾನುವಾರದ ಪ್ರವಾಸದಿಂದಲೇ ಹೇಳುತ್ತೇವೆ.

ಮೊದಲು ನಾಗರಹೊಳೆಗೇ ಹೋಗುವುದೆಂದು ಇದ್ದೆವು. ಆಗಲಿಲ್ಲ. ಆ ವರ್ಷದ ನವೆಂಬರಿನಲ್ಲಿ, ಸರಗೂರು ಕಡೆ ಹುಲಿಯ ಬಾಯಿಗೆ ರೈತರು ಒಬ್ಬರ ಮೇಲೊಬ್ಬರು ಬಲಿಯಾದ ಮೇಲೆ, ಸರ್ಕಾರ ನಾಗರಹೊಳೆ ಬಂಡೀಪುರ ಎರಡರಲ್ಲೂ ಸಫಾರಿಯನ್ನು ನಿಲ್ಲಿಸಿ ಅಲ್ಲಿನ ಸಿಬ್ಬಂದಿಯನ್ನು ಹುಲಿ ಹುಡುಕುವ ಕೆಲಸಕ್ಕೆ ಹಚ್ಚಿತ್ತು. ಮಕ್ಕಳು ಮುಖ ಸಣ್ಣದು ಮಾಡಿಕೊಂಡರು. ಪಟ್ಟಣದವರು ಗೊಣಗಿದರೆ ಗೊಣಗಲಿ, ಕಾಡಂಚಿನಲ್ಲಿ ಬದುಕುವ ನಾವು ಗೊಣಗಬಾರದು ಎಂದು ಅವರಿಗೆ ತಿಳಿಹೇಳಿದೆವು. ಹೊಲಕ್ಕೆ ಹೋದ ಮನುಷ್ಯ ಸಂಜೆ ಮನೆಗೆ ಬರುವುದು ನಮ್ಮ ಸಫಾರಿಗಿಂತ ಮೊದಲಿನ ಮಾತು. ಹೇಗೂ ಕಬಿನಿ ಹಿನ್ನೀರಿನಲ್ಲಿ ಆನೆಗಳು ಹಿಂಡು ಹಿಂಡಾಗಿ ಸೇರುವುದು ಬೇಸಿಗೆಯಲ್ಲಿ. ಮಾಗಿಯಲ್ಲಿ ಕಾಡಿನೊಳಗೇ ಮೇವು ನೀರು ಇರುವುದರಿಂದ ಅವು ಚದುರಿರುತ್ತವೆ. ದುಡ್ಡು ಕೊಟ್ಟು ಹೋಗಿ ಬರೀ ಜಿಂಕೆ ನೋಡಿ ಬಂದೆವೆಂದು ದೂರುವವರು ಈ ಲೆಕ್ಕ ತಿಳಿದಿರಬೇಕು.

ಆದ್ದರಿಂದ ಕಾಡನ್ನು ಬಿಟ್ಟು ಕಾವೇರಿಯ ದಾರಿ ಹಿಡಿದೆವು. ಪಿರಿಯಾಪಟ್ಟಣದ ಕಡೆಯಿಂದ ಬೆಳಿಗ್ಗೆ ಬೇಗ ಹೊರಟು ಚುಂಚನಕಟ್ಟೆಯಲ್ಲಿ ಬುತ್ತಿ ಬಿಚ್ಚಿದೆವು. ಮಳೆಗಾಲದ ಅಬ್ಬರ ಇರಲಿಲ್ಲ, ಬಂಡೆಗಳ ನಡುವೆ ಸಣ್ಣಗೆ ಇಳಿಯುವ ನೀರು. ಹೊರಗೆ ಅಷ್ಟು ಸದ್ದು ಮಾಡುವ ನದಿ ಕೋದಂಡರಾಮನ ಗರ್ಭಗುಡಿಯೊಳಗೆ ಕೇಳಿಸುವುದಿಲ್ಲ ಎಂಬ ಪ್ರತೀತಿಯನ್ನು ಪರೀಕ್ಷಿಸಲು ಮಕ್ಕಳು ಒಳಗೂ ಹೊರಗೂ ನಾಲ್ಕು ಸಲ ಓಡಾಡಿದರು. ಸಂಕ್ರಾಂತಿಯ ಆಸುಪಾಸಿನಲ್ಲಿ ನಡೆಯುವ ಇಲ್ಲಿನ ಜಾನುವಾರು ಜಾತ್ರೆಗೆ ನಮ್ಮ ತಂದೆಯವರು ಎತ್ತು ಹೊಡೆದುಕೊಂಡು ನಡೆದೇ ಬರುತ್ತಿದ್ದರು. ಅವರ ಪ್ರವಾಸವೆಂದರೆ ಅದೊಂದೇ. ಅವರ ಪಾಲಿನ ದೀಪವೆಂದರೆ ಜಾತ್ರೆಯ ಗ್ಯಾಸ್ ಲೈಟು.

ಅಲ್ಲಿಂದ ಕೃಷ್ಣರಾಜನಗರದ ಮೇಲೆ ಮೈಸೂರು, ಮೈಸೂರಿನಿಂದ ರಂಗನತಿಟ್ಟು. ಪಕ್ಷಿಶಾಸ್ತ್ರಜ್ಞ ಸಲೀಂ ಅಲಿಯವರ ಸಲಹೆಯಂತೆ ಮೈಸೂರು ಸಂಸ್ಥಾನ 1940ರಲ್ಲಿ ರಕ್ಷಿತ ಜಾಗವೆಂದು ಸಾರಿದ್ದು ಇದನ್ನು. 2022ರಲ್ಲಿ ರಾಮ್ಸರ್ ಪಟ್ಟಿಗೂ ಸೇರಿತು. ದೋಣಿ ನಡೆಸುವವನು ಹುಟ್ಟು ಎತ್ತಿ ಹಿಡಿದು, "ಯಾರೂ ಮಾತಾಡಬೇಡಿ" ಎಂದ. ಮನೆಯಲ್ಲಿ ಒಂದು ಗಳಿಗೆ ಸುಮ್ಮನಿರದ ನಮ್ಮ ಕಿರಿಯ ಮಗ ಅರ್ಧ ಗಂಟೆ ಬಾಯಿ ಬಿಡಲಿಲ್ಲ. ಬಂಡೆಯ ಮೇಲೆ ಬಾಯ್ತೆರೆದು ಬಿದ್ದಿದ್ದ ಮೊಸಳೆ ಕೂಡ ಕದಲಲಿಲ್ಲ. ಪ್ರಾಣಿಯ ಹತ್ತಿರ ಸುಮ್ಮನಿದ್ದರೆ ಅದೂ ಸುಮ್ಮನಿರುತ್ತದೆ ಎಂಬುದನ್ನು ತೋಟದಲ್ಲಿ ಎಷ್ಟು ಗದರಿದರೂ ಅವನಿಗೆ ಕಲಿಸಲು ನಮ್ಮಿಂದ ಆಗಿರಲಿಲ್ಲ.

ಸಂಜೆ ಅರಮನೆ. ಭಾನುವಾರವಾದ್ದರಿಂದ ದೀಪವಿತ್ತು. ಒಂದು ಲಕ್ಷಕ್ಕೆ ಸ್ವಲ್ಪ ಕಡಿಮೆ ಬಲ್ಬುಗಳು ಒಂದೇ ಸಲಕ್ಕೆ ಹೊತ್ತಿಕೊಂಡಾಗ ಜನ ಸಮೂಹದಿಂದ ಒಂದು ಉಸಿರು ಹೊರಟಿತು. ನಾವು ಅಲ್ಲಿ ನಿಂತು ಮಕ್ಕಳಿಗೆ ಒಂದು ವಿಷಯ ಹೇಳಿದೆವು. ಹಳೆಯ ಮರದ ಅರಮನೆ 1897ರಲ್ಲಿ ಸುಟ್ಟುಹೋಯಿತು, ಈಗಿನದು ಮುಗಿದದ್ದು 1912ರಲ್ಲಿ. ಕಟ್ಟಡದ ಕೆಲಸ ನಡೆಯುತ್ತಿದ್ದಾಗಲೇ, 1902ರಲ್ಲಿ, ಶಿವನಸಮುದ್ರದಲ್ಲಿ ವಿದ್ಯುತ್ ತೆಗೆದರು. ಅದು ಮೊದಲು ಹೋದದ್ದು ಕೋಲಾರದ ಚಿನ್ನದ ಗಣಿಗೆ, 1905ರಲ್ಲಿ ಬೆಂಗಳೂರಿನ ಬೀದಿಗೆ, ಆಮೇಲೆ 1908ರಲ್ಲಿ ಮೈಸೂರಿಗೆ. ಅಂದರೆ ಬೆಳಿಗ್ಗೆ ಚುಂಚನಕಟ್ಟೆಯಲ್ಲಿ ಕಾಲು ತೊಳೆದ ನದಿಯೇ ಈ ಊರಿಗೆ ಮೊದಲ ದೀಪ ಹಚ್ಚಿದ್ದು. ದೊಡ್ಡ ಮಗಳು, "ಹಾಗಾದರೆ ನಮ್ಮೂರಲ್ಲಿ ಯಾಕಪ್ಪ ಪಂಪ್‌ಸೆಟ್ಟಿಗೆ ಕರೆಂಟು ರಾತ್ರಿ ಮಾತ್ರ?" ಎಂದಳು. ಉತ್ತರ ಗೊತ್ತಿದ್ದವರು ಈ ಪತ್ರಿಕೆಗೆ ಬರೆದು ತಿಳಿಸಬಹುದು.

ಕ್ರಿಸ್‌ಮಸ್ ಹತ್ತಿರವಾಗಿದ್ದರಿಂದ ಸಂತ ಫಿಲೋಮಿನಾ ಚರ್ಚಿನ ನಕ್ಷತ್ರ ದೀಪಗಳನ್ನೂ ನೋಡಿಕೊಂಡು ಹುಣಸೂರು ದಾರಿ ಹಿಡಿದೆವು.

ಹೇಳಬೇಕಾದ ಮುಖ್ಯ ವಿಷಯ ಇನ್ನು ಮುಂದಿನದು. ಹೆದ್ದಾರಿ ಬಿಟ್ಟು ತೋಟದ ದಾರಿಗೆ ತಿರುಗಿದಾಗ ರಾತ್ರಿ ಹತ್ತೂವರೆ. ಎರಡನೇ ತಿರುವಿನಲ್ಲಿ ಆನೆ ನಿಂತಿತ್ತು. ಒಂಟಿ ಸಲಗ. ನಾವು ಗಾಡಿ ನಿಲ್ಲಿಸಿ ಹೆಡ್‌ಲೈಟು ಆರಿಸಿದೆವು. ಅಷ್ಟರಲ್ಲಿ ಹಿಂದಿನ ಸೀಟಿನಿಂದ ಕಿರಿಯವನು ಮೊಬೈಲಿನ ಟಾರ್ಚು ಹೊತ್ತಿಸಿ ನೇರವಾಗಿ ಅದರ ಮುಖಕ್ಕೆ ಹಿಡಿದ. ಆನೆ ಕಿವಿ ಅಗಲಿಸಿ ಎರಡು ಹೆಜ್ಜೆ ಮುಂದೆ ಬಂತು. ಮನೆಯವರು ಟಾರ್ಚು ಕಿತ್ತುಕೊಂಡು ಆರಿಸಿದರು. ಗಾಡಿಯನ್ನು ಮೆಲ್ಲಗೆ ಹಿಂದಕ್ಕೆ ತೆಗೆದೆವು. ಮುಕ್ಕಾಲು ಗಂಟೆಯ ನಂತರ ಅದು ತಾನಾಗಿ ಕಾಫಿ ಸಾಲಿನೊಳಗೆ ಇಳಿದು ಹೋಯಿತು. ಆ ಮುಕ್ಕಾಲು ಗಂಟೆ ಯಾರೂ ಮಾತಾಡಲಿಲ್ಲ. ರಂಗನತಿಟ್ಟಿನ ಮೌನ ಆಗ ಉಪಯೋಗಕ್ಕೆ ಬಂತು.

ಮನೆ ಸೇರಿದ ಮೇಲೆ ಅವನು ಅಳುತ್ತಾ ಕೇಳಿದ: "ದಸರಾ ಆನೆ ಅಷ್ಟೊಂದು ಲೈಟಿನಲ್ಲಿ ನಿಂತುಕೊಳ್ಳುತ್ತಲ್ಲಪ್ಪ, ಇದಕ್ಕೆ ಮಾತ್ರ ಯಾಕೆ ಸಿಟ್ಟು?"

ನಮ್ಮ ಹುಣಸೂರಿನ ವೀರನಹೊಸಹಳ್ಳಿಯಿಂದಲೇ ಗಜಪಯಣ ಹೊರಡುವುದು. ಹಾಗೆ ಹೋದ ಆನೆಗಳಿಗೆ ವಾರಗಟ್ಟಲೆ ಮರಳು ಮೂಟೆ ಹೊರಿಸಿ, ಬೀದಿಯಲ್ಲಿ ನಡೆಸಿ, ತೋಪಿನ ಸದ್ದು ಕೇಳಿಸಿ ಪಳಗಿಸುತ್ತಾರೆ. ಮಾವುತರ ತಲೆಮಾರುಗಳ ವಿದ್ಯೆ ಅದು. ನಮ್ಮ ದಾರಿಯಲ್ಲಿ ನಿಂತ ಆನೆಗೆ ಆ ತಾಲೀಮು ಕೊಟ್ಟವರು ಯಾರು? ನಾವು ಕೊಟ್ಟದ್ದು ಪಟಾಕಿ, ಟಾರ್ಚು, ಕೂಗು. ಕಣದ ಸುತ್ತ ಫ್ಲಡ್‌ಲೈಟು ಹಾಕಿಸಿದ ನಮ್ಮ ನೆರೆಯವರ ಅನುಭವವನ್ನೂ ಹೇಳಬೇಕು. ಮೊದಲ ವಾರ ಹೆದರಿ ಹೋದ ಆನೆ ಎರಡನೇ ವಾರ ಅದೇ ಬೆಳಕಿನಲ್ಲಿ ಆರಾಮಾಗಿ ನಿಂತು ಬಾಳೆ ತಿಂದು ಹೋಯಿತು. ಬಿಲ್ಲು ಮಾತ್ರ ಬಂತು.

ಅರ್ಜುನನ ಕಥೆಯನ್ನೂ ಮಗನಿಗೆ ಹೇಳಿದೆವು. 1968ರಲ್ಲಿ ಕಾಕನಕೋಟೆಯ ಖೆಡ್ಡಾದಲ್ಲಿ ಸಿಕ್ಕ ಆನೆ. ಹೆಗ್ಗಡದೇವನಕೋಟೆಯ ಬಳ್ಳೆ ಶಿಬಿರದ್ದು. 2012ರಿಂದ 2019ರವರೆಗೆ 750 ಕಿಲೋ ತೂಕದ ಚಿನ್ನದ ಅಂಬಾರಿ ಹೊತ್ತದ್ದು. ಅದು ಸತ್ತದ್ದು ದೀಪದ ಕೆಳಗಲ್ಲ, ಸಕಲೇಶಪುರದ ಯಸಳೂರು ಕಡೆಯ ಕಾಡಿನಲ್ಲಿ, 2023ರ ಡಿಸೆಂಬರ್ 4ರಂದು. ಬೆಳೆಗಾರರಿಗೆ ತೊಂದರೆ ಕೊಡುತ್ತಿದ್ದ ಕಾಡಾನೆಗಳನ್ನು ಹಿಡಿಯುವ ಕಾರ್ಯಾಚರಣೆಯಲ್ಲಿ, ಒಂಟಿ ಸಲಗದೊಡನೆ ಕಾದಾಡಿ. ನಮ್ಮಂಥ ಕಾಫಿ ಬೆಳೆಗಾರರ ಕೆಲಸಕ್ಕೆ ಹೋಗಿ ಸತ್ತ ಆನೆ ಅದು. ಇಷ್ಟು ಕೇಳಿದ ಹುಡುಗ ಅಳು ನಿಲ್ಲಿಸಿ, "ಹೊಡೆದ ಆನೆ ಏನಾಯಿತು?" ಎಂದ. ಅವನು ಬೆಳೆಗಾರನ ಮಗ, ಅದನ್ನೇ ಕೇಳಬೇಕಾದ್ದು.

ನಮ್ಮ ಡಿಪೋ ಸ್ನೇಹಿತರಿಗೆ ನಾವು ಹೇಳುವುದಿಷ್ಟು. 2023ರ ಗಣತಿಯಂತೆ ರಾಜ್ಯದಲ್ಲಿ 6,395 ಆನೆಗಳಿದ್ದವು. ಕಂದಕ, ಸೋಲಾರ್ ಬೇಲಿ, ರೈಲು ಕಂಬಿ, ಪರಿಹಾರ, ಇವೆಲ್ಲಕ್ಕೂ ಹೋರಾಡಲೇಬೇಕು, ಹೋರಾಡುತ್ತಲೂ ಇದ್ದೇವೆ. ಆದರೆ ನಮ್ಮ ಮಕ್ಕಳ ಆಯುಸ್ಸಿನಲ್ಲಿ ಆನೆ ಇಲ್ಲದ ತೋಟ ಬರುವುದಿಲ್ಲ. ಮುರಿದ ಮರದ ಪಕ್ಕದಲ್ಲಿ ನಿಂತು ನಾವು ಬೈಯುವುದನ್ನು ಮಾತ್ರ ಕೇಳಿ ಬೆಳೆದ ಮಗು ಒಂದು ದಿನ ಟಾರ್ಚು ಹಿಡಿದೇ ಹಿಡಿಯುತ್ತದೆ. ಅಥವಾ ತೋಟವೇ ಬೇಡವೆಂದು ಬೆಂಗಳೂರಿನ ಬಸ್ಸು ಹತ್ತುತ್ತದೆ.

ಕೊಯ್ಲಿನ ನಡುವೆ ಒಂದು ದಿನ ಕಳೆಯುವುದು ಕಷ್ಟವೆಂಬುದು ನಮಗೂ ಗೊತ್ತು. ಕಣದಲ್ಲಿ ಕಾಫಿ ಹರಡಿರುತ್ತದೆ, ಅಡಿಕೆ ಸುಲಿಯುವವರು ಇವತ್ತು ಬಂದರೆ ನಾಳೆ ಬರುವುದಿಲ್ಲ. ನಾವು ಮಾಡಿದ್ದು ಇಷ್ಟೇ: ನೆರೆಯ ಮನೆಯವರು ಆ ಭಾನುವಾರ ನಮ್ಮ ಕಣ ನೋಡಿಕೊಂಡರು, ಮುಂದಿನ ಭಾನುವಾರ ಅವರದ್ದನ್ನು ನಾವು. ದೂರ ಹೋಗಲಾಗದವರಿಗೆ ಬೈಲಕುಪ್ಪೆಯೇ ಇದೆ. ಟಿಬೆಟನ್ನರು ತಮ್ಮ ಗುರು ಸೋಂಖಪರ ಸ್ಮರಣೆಗೆ ಹೆಚ್ಚಾಗಿ ಡಿಸೆಂಬರಿನಲ್ಲೇ ಮಠದ ತುಂಬ ದೀಪ ಹಚ್ಚುತ್ತಾರೆ. ಪಟಾಕಿ ಇಲ್ಲದ ದೀಪದ ಹಬ್ಬ ಹೇಗಿರುತ್ತದೆಂದು ಅಲ್ಲಿ ನೋಡಬಹುದು.

ಆಡಳಿತ ಮಂಡಳಿಯವರಲ್ಲಿ ನಮ್ಮ ವಿನಂತಿ: ಮೊದಲ ಕೊಯ್ಲಿಗೂ ಎರಡನೆಯದಕ್ಕೂ ನಡುವೆ, ಚುಂಚನಕಟ್ಟೆ ಜಾತ್ರೆಗೆ ಮುಂಚೆ, ಸಂಘದಿಂದ ಒಂದು ಭಾನುವಾರ ಬಸ್ಸು ಮಾಡಿಸಬೇಕು. ಖರ್ಚನ್ನು ಸದಸ್ಯರು ಹಂಚಿಕೊಳ್ಳೋಣ. ಕಾಡಿನ ದಾರಿ ಆರಿಸಿದರೆ ಸಂಜೆ ಆರಕ್ಕೆ ಗೇಟು ಮುಚ್ಚುವುದನ್ನು ನೆನಪಿಟ್ಟು, ಸಫಾರಿ ಉಂಟೋ ಇಲ್ಲವೋ ಮೊದಲೇ ವಿಚಾರಿಸಿ ಹೊರಡಬೇಕು. ಲೈನ್ ಮನೆಯ ಮಕ್ಕಳಿಗೂ ಅದರಲ್ಲಿ ಜಾಗ ಇರಲೇಬೇಕು. ಮುಂಜಾನೆ ಆನೆ ಇರುವ ದಾರಿಯಲ್ಲಿ ನಡೆದು ಕೆಲಸಕ್ಕೆ ಬರುವವರು ಅವರ ತಂದೆತಾಯಿಗಳು, ಜೀಪಿನಲ್ಲಿ ಬರುವ ನಾವಲ್ಲ.

ಇದನ್ನು ಬರೆಯುತ್ತಿರುವುದು ತಿಳಿದು ನಮ್ಮ ಮೇಸ್ತ್ರಿ ಆಗಲೇ ಬಂದು, "ಅಣ್ಣಾ, ಬಸ್ಸಾದರೆ ನನಗೆ ಎರಡು ಸೀಟು, ಕಿಟಕಿ ಪಕ್ಕ" ಎಂದು ಹೇಳಿ ಹೋಗಿದ್ದಾನೆ.